ಜಾಕಿನ ಮೇಲೆ ಬಿಗಿದ ಬೋಲ್ಟು

"ಗುರುಗಳೇ, ನಾಲ್ಕು ತಿಂಗಳು ಮಠದಲ್ಲಿದ್ದು ಮಿತವಾದ ಮಾತು, ಹೊತ್ತಿಗೆ ಸರಿಯಾಗಿ ಜಪ, ಸಿಟ್ಟು ಮಾಡದಿರುವುದು, ಎಲ್ಲವನ್ನೂ ವ್ರತವಾಗಿ ಹಿಡಿದೆ. ಮನೆಗೆ ಹೋದ ಎರಡನೇ ದಿನವೇ ಹೆಂಡತಿಯ ಮೇಲೆ ರೇಗಿದೆ. ಮೊದಲು ನೀವು ಇಷ್ಟು ಗಡುಸಾಗಿರಲಿಲ್ಲ ಎಂದು ಅವಳು ಅತ್ತಳು. ಮನೆಯನ್ನೇ ಬಿಟ್ಟು ಇಲ್ಲಿಗೆ ಬಂದುಬಿಡಲೇ?" ಎಂದು ಶಿಷ್ಯ ಚನ್ನವೀರ ಕೇಳಿದ.

"ಬಿಡುವುದಾದರೆ ನಾಳೆಯೂ ಬಿಡಬಹುದು, ಮನೆ ಎಲ್ಲಿಗೂ ಓಡಿಹೋಗುವುದಿಲ್ಲ. ಈಗ ಕೂತುಕೋ" ಎಂದು ಗುರುಗಳು ಕತೆ ಹೇಳಿದರು.

ಒಬ್ಬ ಡ್ರೈವರಿದ್ದ. ಬಹಳ ವರ್ಷ ಬೇರೆಯವರ ಗಾಡಿ ಓಡಿಸಿ, ಕೊನೆಗೆ ತನ್ನದೇ ಒಂದು ಹಳೆಯ ಕಾರು ಮಾಡಿಕೊಂಡ. ಅವನ ಹೆಂಡತಿಗೆ ಬೆನ್ನಿನ ಕಾಯಿಲೆ. ವಾರಕ್ಕೆರಡು ಸಲ ಪೇಟೆಯ ಆಸ್ಪತ್ರೆಗೆ ಕರೆದೊಯ್ಯಬೇಕಿತ್ತು. ಚಿಕಿತ್ಸೆ ತಪ್ಪದಿದ್ದರೆ ಎದ್ದು ಓಡಾಡುತ್ತಾಳೆ, ತಪ್ಪಿದರೆ ಹಾಸಿಗೆಯೇ ಗತಿ ಎಂದು ಡಾಕ್ಟರು ಹೇಳಿದ್ದರು.

ಕಾರು ಗುಂಡಿಗೆ ಇಳಿದಾಗಲೆಲ್ಲ ಲಟಲಟ ಎನ್ನುತ್ತಿತ್ತು. ಚಕ್ರವನ್ನು ಹಿಡಿದಿರುವ ತೋಳುಗಳ ಸಂದಿನಲ್ಲಿ ಏಟು ತಡೆಯುವ ರಬ್ಬರಿನ ಬಳೆಗಳು, ಅಂದರೆ ಬುಷ್ಷುಗಳಿರುತ್ತವೆ. ಸ್ವಾಮಿಗೆ ಇದೆಲ್ಲ ಹೇಗೆ ಗೊತ್ತು ಎಂದು ನನ್ನ ಮುಖ ನೋಡಬೇಡ, ಮಠದ ಜೀಪು ನನಗೆ ಸಾಕಷ್ಟು ಪಾಠ ಕಲಿಸಿದೆ. ಆ ಬುಷ್ಷುಗಳು ಸವೆದಿದ್ದವು. ಡ್ರೈವರ್ ಕಾರನ್ನು ಜಾಕಿನಿಂದ ಎತ್ತಿ, ಹೊಸ ಬುಷ್ಷು ಹಾಕಿ, ಕೈಯಲ್ಲಿದ್ದ ಶಕ್ತಿಯನ್ನೆಲ್ಲ ಸುರಿದು ಬೋಲ್ಟು ಬಿಗಿದ. ಹೆಂಡತಿಗಾಗಿ ಮಾಡಿದ ಕೆಲಸವಲ್ಲವೇ, ಒಂದು ಸುತ್ತು ಹೆಚ್ಚೇ ಬಿಗಿದ.

ಸದ್ದು ನಿಂತಿತು. ಆದರೆ ಕಾರು ಎತ್ತಿನ ಗಾಡಿಗಿಂತ ಗಡುಸಾಯಿತು. ಸಣ್ಣ ಕಲ್ಲು ಸಿಕ್ಕರೂ ಏಟು ನೇರ ಅವಳ ಬೆನ್ನಿಗೆ. ಅವನು ಟೈರಿನ ಗಾಳಿ ಇಳಿಸಿ ನೋಡಿದ, ಶಾಕ್ ಅಬ್ಸಾರ್ಬರ್ ಬದಲಾಯಿಸಿದ. ಏನೂ ಪ್ರಯೋಜನವಾಗಲಿಲ್ಲ. ಕೊನೆಗೆ ಅವಳು ಹೇಳಿದಳು: "ಇನ್ಮೇಲೆ ನಾನು ಬರಲ್ಲ ರೀ. ಅಲ್ಲಿ ಕಡಿಮೆಯಾದ ನೋವು ದಾರೀಲಿ ಎರಡರಷ್ಟಾಗ್ತದೆ."

ಅವನಿಗೆ ಬಹಳ ನೋವಾಯಿತು. ಇದೊಂದು ಸಲ ಬಾ ಎಂದು ಹೇಗೋ ಒಪ್ಪಿಸಿ ಹೊರಟವನು, ದಾರಿಯಲ್ಲಿ ಒಬ್ಬ ಮುದುಕ ಮೆಕ್ಯಾನಿಕ್ಕಿನ ಗ್ಯಾರೇಜಿನ ಮುಂದೆ ಕಾರು ನಿಲ್ಲಿಸಿದ. ಹೆಂಡತಿ ಇಳಿದು ಬೆಂಚಿನ ಮೇಲೆ ಕೂತಳು. ಮುದುಕ ಸ್ಪ್ಯಾನರ್ ಮುಟ್ಟಲಿಲ್ಲ. ಕಾರಿನ ಒಂದು ಮೂಲೆಯನ್ನು ಎರಡೂ ಕೈಯಿಂದ ಅದುಮಿದ. ಅದು ಜಗ್ಗಲಿಲ್ಲ.

"ಬೋಲ್ಟ್ ಬಿಗಿದಾಗ ಗಾಡಿ ಜಾಕ್ ಮೇಲಿತ್ತಾ?"

"ಹೌದು. ಎತ್ತಿದಾಗಲೇ ಅಲ್ವಾ ಕೈ ಚೆನ್ನಾಗಿ ಆಡೋದು?"

"ಕೈ ಆಡ್ತದೆ, ಗಾಡಿ ಆಡಲ್ಲ. ಚಕ್ರ ನೇತಾಡ್ತಿದ್ದಾಗ ಹಿಡಿದು ಕಟ್ಟಿದೀರಿ. ನೆಲಕ್ಕೆ ಇಳಿದ ಕೂಡ್ಲೆ ರಬ್ಬರ್ ತಿರುಚಿಕೊಂಡು ಸೆಟೆದು ನಿಂತದೆ."

ನೆಲದಲ್ಲಿ ತೋಡಿದ್ದ ಹೊಂಡದ ಮೇಲೆ ಕಾರು ನಿಲ್ಲಿಸಿ, ಮುದುಕ ಕೆಳಗಿಳಿದು ಎಲ್ಲ ಬೋಲ್ಟುಗಳನ್ನೂ ಸಡಿಲಿಸಿದ. ಆಮೇಲೆ ತಲೆ ಹೊರಹಾಕಿ, "ತಾಯಿ, ನೀವು ದಿನಾ ಕೂರೋ ಜಾಗದಲ್ಲಿ ಕೂತ್ಕೊಳ್ಳಿ" ಎಂದ. ಅವಳು ಕೂತಳು. ಅವಳ ಭಾರಕ್ಕೆ ಕಾರು ಸ್ವಲ್ಪ ತಗ್ಗಿತು. ತಗ್ಗಿದ ಮೇಲೆ ಒಂದೊಂದಾಗಿ ಬಿಗಿದ. ಹೊಸದಾಗಿ ಏನನ್ನೂ ಹಾಕಲಿಲ್ಲ.

ಆ ದಿನ ಆಸ್ಪತ್ರೆಯಿಂದ ಬರುವಾಗ ಅವಳು ಕಾರಿನಲ್ಲೇ ನಿದ್ದೆ ಹೋದಳು. ಡ್ರೈವರ್ ಮನೆ ದಾಟಿ ಇನ್ನೊಂದು ಸುತ್ತು ಹೊಡೆದು ಬಂದ, ಎಬ್ಬಿಸಲು ಮನಸ್ಸಾಗಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಚನ್ನವೀರ, "ಹಾಗಾದರೆ ಅವನ ತಪ್ಪು ಅಷ್ಟೇನೂ ದೊಡ್ಡದಲ್ಲ, ಗುರುಗಳೇ. ಅರ್ಧ ಗಂಟೆಯಲ್ಲಿ ಸರಿಹೋಯಿತು" ಎಂದ.

"ಹೌದು, ಅಷ್ಟೇ. ನೀನು ನಿನ್ನ ವ್ರತಗಳನ್ನು ಬಿಗಿಯುವಾಗ ನಿನ್ನ ಹೆಂಡತಿ ಎಲ್ಲಿ ಕೂತಿದ್ದಳು?"

ಚನ್ನವೀರ ಎದ್ದು ಗುರುಗಳಿಗೆ ನಮಸ್ಕರಿಸಿ ಮನೆಯ ದಾರಿ ಹಿಡಿದ.