ಹಾಲಮ್ಮನ ಕಾರು, ಸೊಸೆಯ ಕಾಲ್ಗುಣ

ಕಡೂರಿನ ಕಡೆಯ ಒಂದು ಊರಿನಲ್ಲಿ ಹಾಲಮ್ಮ ಎಂಬ ಹೆಂಗಸಿದ್ದಳು. ಚಟ್ನಿಪುಡಿ ಮಾಡಿ ಮಾರುವುದು ಅವಳ ಕಸುಬು.

ಈ ಕಸುಬು ಅವಳಿಗೆ ಯಾರೂ ಕೊಟ್ಟದ್ದಲ್ಲ. ಅವಳು ಮದುವೆಯಾಗಿ ಬಂದ ವರ್ಷವೇ ಮಾವ ತೀರಿಕೊಂಡರು. ಮಗ ಅಂಬೆಗಾಲಿಡುವ ಹೊತ್ತಿಗೆ ಗಂಡನೂ ಹೋದ. ಎಲ್ಲ ಅವಳ ಕಾಲ್ಗುಣ ಎಂದು ನೆಂಟರು ಆಡಿಕೊಂಡರು. ಶುಭಕಾರ್ಯಗಳಿಗೆ ಕರೆಯುವುದನ್ನು ಬಿಟ್ಟರು. ಹಾಲಮ್ಮ ಅತ್ತುಕೊಂಡು ಕೂರಲಿಲ್ಲ. ಕಡಲೆಬೀಜ, ಕೊಬ್ಬರಿ, ಮೆಣಸಿನಕಾಯಿ ಕುಟ್ಟಿ ಪುಡಿ ಮಾಡಿದಳು. ಬುಟ್ಟಿಯಲ್ಲಿಟ್ಟುಕೊಂಡು ಮನೆ ಮನೆ ತಿರುಗಿದಳು. ಕಾಲ ಕಳೆದಂತೆ ಅವಳ ಪುಡಿ ಅಕ್ಕಪಕ್ಕದ ಊರುಗಳ ಅಂಗಡಿಗೂ ಹೋಗತೊಡಗಿತು. ಕಾಲ್ಗುಣ ಎಂದವರೇ ಪುಡಿ ಕೊಳ್ಳಲು ಬಾಗಿಲಿಗೆ ಬಂದರು. ಅವಳು ಪುಡಿ ಕೊಟ್ಟಳು, ಆದರೆ ಆ ಮಾತನ್ನು ಮರೆಯಲಿಲ್ಲ.

ಮಗ ನಾಗಭೂಷಣನಿಗೆ ಮದುವೆಯಾಯಿತು. ಸೊಸೆ ಚಂದ್ರಕಲಾ ಗೂಡ್ಸ್ ಆಟೋ ಓಡಿಸುವವರ ಮಗಳು. ಅಪ್ಪನ ಆಟೋದಲ್ಲೇ ಡ್ರೈವಿಂಗ್ ಕಲಿತಿದ್ದಳು. ಹಾಲಮ್ಮನಿಗೆ ಮಂಡಿನೋವು ಶುರುವಾಗಿತ್ತು, ಮಗನ ಬೈಕು ಹತ್ತಲು ಆಗುತ್ತಿರಲಿಲ್ಲ. ಹಾಗಾಗಿ ಒಂದು ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳೋಣ ಎಂದು ತೀರ್ಮಾನವಾಯಿತು. ನೋಡಿ ಆರಿಸಿದವಳು ಚಂದ್ರಕಲಾ. ಓಡಿಸಲು ಬರುತ್ತಿದ್ದದ್ದೂ ಅವಳೊಬ್ಬಳಿಗೇ.

ಕಾರು ಬರುತ್ತದೆಂದರೆ ಅದಕ್ಕೊಂದು ಜಾಗ ಬೇಡವೇ? ಮನೆಯ ಪಕ್ಕದಲ್ಲಿ ತಗಡಿನ ದಾಸ್ತಾನು ಕೋಣೆಯಿತ್ತು. ಕಡಲೆಬೀಜದ ಮೂಟೆ, ಕೊಬ್ಬರಿ ಚೀಲ ಎಲ್ಲ ಅಲ್ಲೇ ಇರುತ್ತಿದ್ದವು. ಹಾಲಮ್ಮ ಅದನ್ನು ಕೆಡವಿಸಿದಳು. ಸಾಮಾನನ್ನು ಬಾಡಿಗೆ ಗೋಡೌನಿಗೆ ಸಾಗಿಸಿ ಕಬ್ಬಿಣದ ಡ್ರಮ್ಮುಗಳಲ್ಲಿ ತುಂಬಿಸಿದಳು. ಕೋಣೆ ಕೆಡವುವಾಗ ಮೂಲೆಮೂಲೆಯಿಂದ ಇಲಿಗಳು ಎದ್ದು ದಿಕ್ಕಾಪಾಲಾಗಿ ಓಡಿದವು. ಕೆಲಸದವರು ನಕ್ಕರು. ಎಲ್ಲಿಗಾದರೂ ಹೋಗಿ ಸಾಯಲಿ ಎಂದಳು ಹಾಲಮ್ಮ. ಅದೇ ಜಾಗದಲ್ಲಿ ಕಾರಿಗೆ ಶೆಡ್ಡು ಎದ್ದಿತು. ಒಂದು ಕೆಲಸಕ್ಕೆ ಕೈ ಹಾಕಿದ ಮೇಲೆ ಇನ್ನೊಂದು ಬೇಡವೇ ಎಂದು ಗೇಟು ಅಗಲ ಮಾಡಿಸಿದಳು, ಅಡುಗೆಮನೆಗೆ ಟೈಲ್ಸ್ ಹಾಕಿಸಿದಳು, ಅಂಗಳದಲ್ಲಿ ಸಂಪು ತೆಗೆಸಿದಳು. ಮನೆ ತುಂಬ ಸಿಮೆಂಟಿನ ಧೂಳು. ಎಲ್ಲವೂ ಬೇಗ ಮುಗಿಯಬೇಕು ಎಂದು ಗಾರೆಯವರ ಬೆನ್ನು ಬಿದ್ದಳು.

ಕಾರು ಮನೆಗೆ ಬಂದು ಕೆಲವು ದಿನಗಳಾದ ಮೇಲೆ, ಒಳ್ಳೆಯ ದಿನ ನೋಡಿ ಪೂಜೆ ಮಾಡಿದರು. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟರು. ಹಣ್ಣು ತುಳಿದು ಕಾರು ದೇವಸ್ಥಾನಕ್ಕೇನೋ ಹೋಯಿತು. ಬರುವಾಗ ನಡುದಾರಿಯಲ್ಲಿ ನಿಂತಿತು. ಟ್ರಾಕ್ಟರಿಗೆ ಹಗ್ಗ ಕಟ್ಟಿ ಎಳೆದುಕೊಂಡು ಬರಬೇಕಾಯಿತು. ಕಾರು ತಂದಿದೀರೋ, ಟ್ರಾಕ್ಟರಿಗೆ ಟ್ರೈಲರ್ ತಂದಿದೀರೋ ಎಂದು ಟೀ ಅಂಗಡಿಯವನು ಕೇಳಿದ. ಮುಂದಿನ ಸೀಟಿನಲ್ಲಿ ಸೆಟೆದು ಕೂತಿದ್ದ ಹಾಲಮ್ಮನಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ.

ಮೆಕ್ಯಾನಿಕ್ ಬಂದು ನೋಡಿದ. ಹಳೆಯ ವೈರು ಒಣಗಿ ತುಂಡಾಗಿದೆ ಎಂದು ಟೇಪು ಸುತ್ತಿ ಹೋದ. ಸ್ವಲ್ಪ ದಿನ ಓಡಿತು. ಮತ್ತೆ ನಿಂತಿತು. ಅವನು ಮತ್ತೆ ಬಂದ, ಇನ್ನೊಂದು ವೈರಿಗೆ ಟೇಪು ಸುತ್ತಿದ.

ಅಷ್ಟರಲ್ಲಿ ಹಾಲಮ್ಮನ ಗಂಡನ ಅಕ್ಕ ಶಾಂತವೀರಮ್ಮ ಹೊಸ ಅಡುಗೆಮನೆ ನೋಡಲೆಂದು ಬಂದು ಉಳಿದುಕೊಂಡರು. ಅವರು ಕೆಟ್ಟವರಲ್ಲ. ಒಬ್ಬನೇ ತಮ್ಮನನ್ನು ಕಳೆದುಕೊಂಡವರು, ಅಂದಿನಿಂದ ಎಲ್ಲದಕ್ಕೂ ಹೆದರುತ್ತಿದ್ದರು. ಕಾರಿಗೆ ದೃಷ್ಟಿಯಾಗಿದೆ ಎಂದು ದೇವಸ್ಥಾನದಿಂದ ಮಂತ್ರಿಸಿದ ಕೊಬ್ಬರಿ ಗಿಟುಕು ತರಿಸಿದರು. ಅಕ್ಕಿ ಬೆಲ್ಲದ ಜೊತೆ ಕೆಂಪು ಬಟ್ಟೆಯಲ್ಲಿ ಗಂಟು ಕಟ್ಟಿ, ಬಾನೆಟ್ಟಿನ ಒಳಗೆ ಒಂದು ಮೂಲೆಯಲ್ಲಿ ಬಿಗಿಯಲು ನಾಗಭೂಷಣನಿಗೆ ಹೇಳಿದರು. ಅವನು ಬಿಗಿದ. ಕಾರು ಇನ್ನೂ ಬೇಗ ಕೆಟ್ಟಿತು. ಹಾಗಾದರೆ ಒಂದು ಗಂಟು ಸಾಲದು ಎಂದು ಶಾಂತವೀರಮ್ಮ ಇನ್ನೊಂದು ಮೂಲೆಯಲ್ಲಿ ಇನ್ನೂ ದೊಡ್ಡದೊಂದು ಕಟ್ಟಿಸಿದರು.

ಕಾರೊಂದೇ ಆಗಿದ್ದರೆ ಮಾತು ಅಲ್ಲಿಗೇ ನಿಲ್ಲುತ್ತಿತ್ತೇನೋ. ಸಂಪು ಸೋರತೊಡಗಿತು. ಅವಸರದಲ್ಲಿ ಹಾಕಿದ ಟೈಲ್ಸು ಅಡುಗೆಮನೆಯಲ್ಲಿ ಒಂದೊಂದಾಗಿ ಮೇಲೆದ್ದಿತು. ಎದ್ದ ಟೈಲ್ಸಿನ ಪಕ್ಕ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತ ಶಾಂತವೀರಮ್ಮ ಮೆಲ್ಲಗೆ ಹೇಳಿದರು:

"ಹುಡುಗಿ ಒಳ್ಳೇಳೇ ಹಾಲಮ್ಮ, ಇಲ್ಲ ಅನ್ನಲ್ಲ. ಆದ್ರೆ ಅವಳು ಕಾಲಿಟ್ಟ ಮೇಲೆ ಈ ಮನೇಲಿ ಒಂದಾದ್ರೂ ನೆಟ್ಟಗೆ ನಿಂತಿದೆಯಾ ಹೇಳು."

ಹಿತ್ತಲಲ್ಲಿ ಚಂದ್ರಕಲಾ ಪಾತ್ರೆ ತೊಳೆಯುತ್ತಿದ್ದಳು. ಪಾತ್ರೆಯ ಸದ್ದು ನಿಂತಿತು. ಅವಳಿಗೆ ಕೇಳಿಸಿದೆ ಎಂದು ಹಾಲಮ್ಮನಿಗೆ ಗೊತ್ತಾಯಿತು. ತಾನೀಗ ಏನಾದರೂ ಹೇಳಬೇಕು ಎಂದೂ ಗೊತ್ತಾಯಿತು. ಆದರೆ ಮನಸ್ಸಿನ ಒಂದು ಮೂಲೆಯಲ್ಲಿ, ಇದ್ದರೂ ಇರಬಹುದೇನೋ ಎಂಬ ಸಂಶಯ ತಲೆಯೆತ್ತಿತ್ತು. ಅವಳು ಸುಮ್ಮನಿದ್ದಳು.

ಮಾರನೆಯ ದಿನ ಕಾರು ಮಾರಿಬಿಡುವುದೆಂದು ಹಾಲಮ್ಮ ಹೇಳಿದಳು. ಸೊಸೆಯಿಂದ ಕೀ ಕೇಳಿ ಇಸಿದುಕೊಂಡು ತನ್ನ ಸೊಂಟಕ್ಕೆ ಸಿಕ್ಕಿಸಿದಳು. ಚಂದ್ರಕಲಾ ತವರಿಗೆ ಹೋಗಿ ಬರುತ್ತೇನೆ ಎಂದು ಬಟ್ಟೆ ಜೋಡಿಸತೊಡಗಿದಳು. ನಾಲ್ಕು ದಿನಕ್ಕೆ ಹೋಗುವವರು ಧಾರೆ ಸೀರೆಯನ್ನು ಬ್ಯಾಗಿಗೆ ಹಾಕುವುದಿಲ್ಲ. ಅವಳು ಹಾಕಿದಳು. ಬೇಡ ಎಂದು ಗಂಡ ಕೈ ಹಿಡಿದು ಕೇಳಿಕೊಂಡ. ಅಮ್ಮನ ಎದುರು ಬಾಯಿ ಬಿಡಲು ಮಾತ್ರ ಅವನಿಗೂ ಧೈರ್ಯವಿರಲಿಲ್ಲ.

ಕಾರು ಕೊಳ್ಳುವವರು ಬರುವ ದಿನ ಬೆಳಿಗ್ಗೆ ಹಾಲಮ್ಮನಿಗೆ ಮಂತ್ರಿಸಿದ ಗಂಟುಗಳು ನೆನಪಾದವು. ದೇವರ ಗಂಟು ಬೇರೆಯವರ ಮನೆಗೆ ಹೋಗಬಾರದು. ಅದನ್ನು ತೆಗೆದಿಡಲು ಶೆಡ್ಡಿಗೆ ಹೋದಳು. ಬಾನೆಟ್ಟು ತೆಗೆಯುವುದು ಅವಳಿಗೆ ಬಾರದು. ಬ್ಯಾಗು ಹಿಡಿದು ಗೇಟಿನ ಹತ್ತಿರ ನಿಂತಿದ್ದ ಸೊಸೆಯನ್ನೇ ಕರೆಯಬೇಕಾಯಿತು. ಚಂದ್ರಕಲಾ ಬ್ಯಾಗು ಕೆಳಗಿಟ್ಟು ಬಂದು ಬಾನೆಟ್ಟು ಎತ್ತಿದಳು.

ಒಳಗಿಂದ ಬಂದ ವಾಸನೆ ಹಾಲಮ್ಮನಿಗೆ ಹೊಸದಲ್ಲ. ವರ್ಷಗಟ್ಟಲೆ ದಾಸ್ತಾನು ಕೋಣೆಯಲ್ಲಿ ಮೂಗಿಗೆ ಬಡಿದ ವಾಸನೆ ಅದು. ಗಿಟುಕುಗಳಲ್ಲಿ ಉಳಿದದ್ದು ಹಲ್ಲಿನ ಗುರುತಿದ್ದ ಚೂರುಗಳು ಮಾತ್ರ. ಅಕ್ಕಿ ಬೆಲ್ಲದ ಸುಳಿವೇ ಇರಲಿಲ್ಲ. ಕೆಂಪು ಬಟ್ಟೆಯನ್ನು ಎಳೆ ಎಳೆಯಾಗಿ ಬಿಡಿಸಿ, ಗೋಣಿ ನಾರು ಸೇರಿಸಿ, ಇಂಜಿನ್ನಿನ ಪಕ್ಕದಲ್ಲಿ ಮೆತ್ತಗೆ ಒಂದು ಗೂಡು. ಅದರಲ್ಲಿ ಕಣ್ಣು ಬಿಡದ ಇಲಿಮರಿಗಳು. ಸುತ್ತ ಕಡಿದು ಹಾಕಿದ ವೈರಿನ ಸಿಪ್ಪೆ.

ಹಾಲಮ್ಮನಿಗೆ ಎಲ್ಲ ಅರ್ಥವಾಯಿತು. ಇಲಿಗಳ ಮನೆ ಕೆಡವಿದವಳು ಅವಳು. ಆ ಜಾಗದಲ್ಲೇ ಕಾರು ತಂದು ನಿಲ್ಲಿಸಿದವಳೂ ಅವಳೇ. ಸಾಲದ್ದಕ್ಕೆ ಕೊಬ್ಬರಿ ಬೆಲ್ಲ ಇಟ್ಟು ಇಲಿಗಳನ್ನು ಇನ್ನಷ್ಟು ಕರೆಸಿದ್ದು ಮನೆಯವರ ಭಕ್ತಿ.

ಶಾಂತವೀರಮ್ಮ ಬಂದು ಬಗ್ಗಿ ನೋಡಿದರು. ಅವರಿಗೂ ನಿಜವಾಗಿಯೇ ಸಮಾಧಾನವಾಯಿತು. ಹುಡುಗಿಯದೇನೂ ಇಲ್ಲ ಬಿಡು, ಇಲಿಗಳ ಕಾಟ ಎಂದು ಸೆರಗಿನಿಂದ ಮುಖ ಒರೆಸಿಕೊಂಡರು. ಹಾಲಮ್ಮ ನಕ್ಕು, ಸೊಂಟದಿಂದ ಕೀ ತೆಗೆದು ಸೊಸೆಯ ಮುಂದೆ ಹಿಡಿದಳು.

ಚಂದ್ರಕಲಾ ಕೈ ಚಾಚಲಿಲ್ಲ.

"ಇಲಿ ಸಿಕ್ತು ಅತ್ತೆ, ಸರಿ," ಎಂದಳು. "ಸಿಗದೇ ಇದ್ದಿದ್ರೆ?"

ಹಾಲಮ್ಮನ ನಗು ಅಲ್ಲೇ ನಿಂತಿತು. ಕೀ ಹಿಡಿದ ಕೈಯನ್ನು ಹಿಂದೆಗೆದುಕೊಳ್ಳದೆ ಹೇಳಿದಳು:

"ಅದೇ ಮಾತು ನನಗೂ ಅಂದಿದ್ರು ಕಣೇ. ಅಂದೋರ ಮೇಲೆ ನನಗೆ ಅಷ್ಟು ಸಿಟ್ಟಿರಲಿಲ್ಲ. ಕೇಳಿಸ್ಕೊಂಡು ಸುಮ್ಮನೆ ಕೂತಿದ್ರಲ್ಲ ನಮ್ಮತ್ತೆ, ಅವರ ಮೇಲಿತ್ತು. ಮೊನ್ನೆ ನಾನೂ ಹಂಗೇ ಕೂತೆ."

ಚಂದ್ರಕಲಾ ಕೀ ತೆಗೆದುಕೊಂಡಳು. ತವರಿಗೆ ಹೋಗಲಿಲ್ಲ. ಕಾರನ್ನೂ ಮಾರಲಿಲ್ಲ. ಇಲಿ ಕಡಿದ ವೈರುಗಳನ್ನೆಲ್ಲ ಮೆಕ್ಯಾನಿಕ್ ಬದಲಾಯಿಸಿದ. ಶೆಡ್ಡಿನ ಸಂದುಗಳಿಗೆ ಜಾಲರಿ ಹೊಡೆಸಿದರು. ಸಂಪಿನ ಸೋರಿಕೆ ಮುಚ್ಚಿಸಿದರು, ಟೈಲ್ಸನ್ನು ಕಿತ್ತು ಈ ಸಲ ನಿಧಾನವಾಗಿ ಹಾಕಿಸಿದರು. ಎಲ್ಲ ಸರಿಹೋಯಿತು. ಆದರೆ ಅತ್ತೆ ಸೊಸೆಯ ನಡುವೆ ಮಾತು ಅಳತೆ ಮಾಡಿದಂತೆ ನಡೆಯುತ್ತಿತ್ತು. ಸೊಸೆ ಎಲ್ಲ ಕೆಲಸ ಮಾಡುತ್ತಿದ್ದಳು, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು. ಹಾಲಮ್ಮ ಅದನ್ನು ತಪ್ಪೆನ್ನಲಿಲ್ಲ. ಇಲಿ ಸಿಕ್ಕಿದ್ದರಿಂದ ಸೊಸೆಯ ಮೇಲಿನ ಆರೋಪ ಕಳೆದಿತ್ತು, ತನ್ನ ಮೇಲಿನದು ಕಳೆದಿರಲಿಲ್ಲ ಎಂದು ಅವಳಿಗೆ ತಿಳಿದಿತ್ತು.

ಕೆಲವು ತಿಂಗಳು ಕಳೆದವು. ನೆಂಟರ ಮನೆಯ ಮದುವೆಗೆ ಎಲ್ಲರೂ ಕಾರಿನಲ್ಲಿ ಹೊರಟರು. ಚಂದ್ರಕಲಾ ಓಡಿಸುತ್ತಿದ್ದಳು. ಹಾಲಮ್ಮ ಪಕ್ಕದಲ್ಲಿ, ನಾಗಭೂಷಣ ಮತ್ತು ಶಾಂತವೀರಮ್ಮ ಹಿಂದೆ. ದಾರಿಯಲ್ಲಿ ರೈಲ್ವೆ ಗೇಟು ಹಾಕಿತ್ತು. ಗೇಟು ತೆಗೆದಾಗ ಮುಂದಿದ್ದ ಗಾಡಿಗಳೆಲ್ಲ ಹೊರಟವು, ಇವರ ಕಾರು ಹೊರಡಲಿಲ್ಲ. ಚಂದ್ರಕಲಾ ಕೀ ತಿರುಗಿಸಿದಳು. ಇನ್ನೊಮ್ಮೆ ತಿರುಗಿಸಿದಳು. ಹಿಂದೆ ಬಸ್ಸಿನ ಹಾರ್ನು. ಅವಳು ಇಳಿದು ಬಾನೆಟ್ಟು ಎತ್ತಿ ನೋಡಿದಳು. ವೈರುಗಳೆಲ್ಲ ನೆಟ್ಟಗಿದ್ದವು. ಇಲಿಯ ಸುಳಿವಿರಲಿಲ್ಲ. ಏನಾಗಿದೆಯೋ ತಿಳಿಯಲಿಲ್ಲ. ಬಾನೆಟ್ಟು ಮುಚ್ಚಿ ಬಂದು ಸ್ಟೇರಿಂಗ್ ಹಿಡಿದು ಕೂತಳು. ಅತ್ತೆಯ ಕಡೆ ತಿರುಗಲಿಲ್ಲ.

ಹಿಂದಿನ ಸೀಟಿನಿಂದ ಶಾಂತವೀರಮ್ಮನ ದನಿ ಬಂತು. "ಈಗ ಇಲೀನೂ ಇಲ್ಲವಲ್ಲೇ ಹಾಲಮ್ಮ..."

ಹಾಲಮ್ಮ ಅವರ ಮಾತು ಮುಗಿಯುವವರೆಗೆ ಕಾಯಲಿಲ್ಲ. ಬಾಗಿಲು ತೆಗೆದು, ನೋಯುವ ಮಂಡಿಯನ್ನು ಕೈಯಲ್ಲಿ ಹಿಡಿದು ಇಳಿದಳು. ರೇಷ್ಮೆ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.

"ಇಳೀರಿ ಅತ್ತಿಗೆ. ತಳ್ಳೋಣ."

"ಏನಾಗಿದೆ ಅಂತಾನೇ ಗೊತ್ತಿಲ್ಲವಲ್ಲೇ."

"ನನಗೂ ಗೊತ್ತಿಲ್ಲ. ನನ್ನ ಸೊಸೆ ಕಾಲ್ಗುಣ ಅಲ್ಲ, ಅದು ಗೊತ್ತು. ಇಳೀರಿ."

ಶಾಂತವೀರಮ್ಮ ಹಾಲಮ್ಮನ ಮುಖ ನೋಡಿದರು. ಬಾಗಿಲು ತೆಗೆದು ಇಳಿದರು. ನಾಗಭೂಷಣ ಒಂದು ಕಡೆ, ರೇಷ್ಮೆ ಉಟ್ಟ ಹೆಂಗಸರಿಬ್ಬರು ಇನ್ನೊಂದು ಕಡೆ ನಿಂತು ಕಾರಿಗೆ ಭುಜ ಕೊಟ್ಟರು. ದಿಬ್ಬಣ ಹೊರಡ್ತು ನೋಡ್ರಪ್ಪ ಎಂದು ಬಸ್ಸಿನ ಕಂಡಕ್ಟರ್ ಕೂಗಿದ. ಬಸ್ಸಿನವರೆಲ್ಲ ಕಿಟಕಿಯಿಂದ ತಲೆ ಹೊರಹಾಕಿ ನಕ್ಕರು. ಹಾಲಮ್ಮ ಯಾರ ಕಡೆಗೂ ನೋಡಲಿಲ್ಲ. ಕಾರು ಹಳಿ ದಾಟಿತು, ಆಚೆಯ ಇಳಿಜಾರಿನಲ್ಲಿ ವೇಗ ಹಿಡಿಯಿತು, ಒಮ್ಮೆ ಜಗ್ಗಿ ಸ್ಟಾರ್ಟ್ ಆಯಿತು.

ಮುಂದೆ ಹೋಗಿ ನಿಂತ ಕಾರಿನಿಂದ ಚಂದ್ರಕಲಾ ಇಳಿದು ಓಡಿಬಂದಳು. ಇಂಜಿನ್ ಆಫ್ ಮಾಡಿರಲಿಲ್ಲ. ಏದುಸಿರು ಬಿಡುತ್ತಿದ್ದ ಅತ್ತೆಯ ತೋಳು ಹಿಡಿದುಕೊಂಡಳು.

"ಈ ಮಂಡಿ ಇಟ್ಕೊಂಡು ತಳ್ಳೋಕೆ ನಿಮಗೆ ಯಾರು ಹೇಳಿದ್ರು ಅತ್ತೆ," ಎಂದು ಗದರಿದಳು. ಗದರುತ್ತಿದ್ದಂತೆ ಅವಳ ಕಣ್ಣು ತುಂಬಿತು.

ಅವತ್ತು ಕಾರು ಯಾಕೆ ನಿಂತಿತೆಂದು ಆಮೇಲೂ ಗೊತ್ತಾಗಲಿಲ್ಲ. ಹಾಲಮ್ಮ ವಿಚಾರಿಸಲೂ ಇಲ್ಲ.

ನೀತಿ: ಕಾರಣ ಸಿಕ್ಕ ಮೇಲೆ ಮನೆಯವರನ್ನು ನಂಬುವುದು ದೊಡ್ಡತನವಲ್ಲ, ಅಷ್ಟನ್ನು ನೆರೆಹೊರೆಯವರೂ ಮಾಡುತ್ತಾರೆ. ಕಾರಣ ಸಿಗುವ ಮುಂಚೆ ಅವರ ಪರವಾಗಿ ನಿಲ್ಲಬೇಕು. ಹೊಸದಾಗಿ ಬಂದವರ ಮೇಲೆ ಯಾರಾದರೂ ತಪ್ಪು ಹೊರಿಸುವಾಗ ಸುಮ್ಮನೆ ಕೂರುವುದೂ ಹೊರಿಸಿದಂತೆಯೇ.