ನಾಳೆ ಮುಂಜಾನೆಯವರೆಗಿನ ವ್ರತ

ಜೈನ ಸಂನ್ಯಾಸಿನಿ, ಪರಮಪೂಜ್ಯ ಆರ್ಯಿಕಾ ಧೃತಿಮತಿ ಮಾತಾಜಿಯವರು ಆ ವರ್ಷದ ಚಾತುರ್ಮಾಸಕ್ಕೆ ಕೃಷ್ಣಾ ತೀರದ ಒಂದು ಸಣ್ಣ ಊರಿನಲ್ಲಿ ನೆಲೆ ನಿಂತಿದ್ದರು. ಬಸದಿಯ ಪಕ್ಕದಲ್ಲಿ ಹಂಚು ಸರಿದ ಒಂದು ಕೋಣೆ. ಅದರಲ್ಲಿ ಒಂದು ಚಾಪೆ, ನವಿಲುಗರಿಯ ಪಿಂಛಿ, ಒಂದು ಕಮಂಡಲು. ಮಳೆಗಾಲ ಕಳೆಯಲು ಪೂಜ್ಯರಿಗೆ ಅಷ್ಟೇ ಸಾಕಾಗಿತ್ತು.

ಅದೇ ಊರಿನ ಸಾತಗೌಡರಿಗೆ ಮಾತ್ರ ಯಾವುದೂ ಸಾಕಾಗುತ್ತಿರಲಿಲ್ಲ. ಕಬ್ಬಿನ ಹೊಲ ಇತ್ತು, ಸ್ವಂತ ಬೆಲ್ಲದ ಗಾಣ ಇತ್ತು. ಬಿಸಿ ಬೆಲ್ಲವನ್ನು ಬಾಯಿಗಿಟ್ಟೇ ಅದರ ಹದ ಹೇಳುವವರು ಅವರು. ಸಕ್ಕರೆ ಕಾಯಿಲೆ ಬಂದು ವರ್ಷಗಳಾಗಿದ್ದವು. ಡಾಕ್ಟರು ಹೇಳಿದ್ದಕ್ಕೆಲ್ಲ ತಲೆಯಾಡಿಸಿ, ಮನೆಗೆ ಬಂದು ಹೋಳಿಗೆಯ ಮುಂದೆ ಕೂತುಬಿಡುತ್ತಿದ್ದರು. ಅವರ ಅಣ್ಣ ಆದಗೌಡರೂ ಹೀಗೆಯೇ ಮಾಡಿದ್ದರು. ಅಂಗಾಲಿಗೆ ಮುಳ್ಳು ಹೊಕ್ಕಿದ್ದು ಆ ಅಣ್ಣನಿಗೇ ಗೊತ್ತಾಗಿರಲಿಲ್ಲ. ಮೊದಲು ಬೆರಳು ಕಪ್ಪಾಗಿ ಹೋಯಿತು, ಆಮೇಲೆ ಮೊಣಕಾಲಿನವರೆಗೆ ಕಾಲು ಹೋಯಿತು, ಕಡೆಗೆ ಅಣ್ಣನೇ ಹೋದರು.

ಒಂದು ಮುಂಜಾನೆ ಸಾತಗೌಡರು ಹೊಲದಿಂದ ಬರಿಗಾಲಲ್ಲಿ ಮನೆಗೆ ಬಂದಾಗ ಅವರ ಹಿಂದೆ ಪಡಸಾಲೆಯುದ್ದಕ್ಕೂ ರಕ್ತದ ಹೆಜ್ಜೆ ಮೂಡಿತ್ತು. ಹೆಂಡತಿ ಅಕ್ಕಾತಾಯಿ, “ಕಾಲಿಗೆ ಏನಾಗೇತ್ರಿ?” ಎಂದು ಕೇಳಿದಾಗಲೇ ಅವರು ಬಗ್ಗಿ ನೋಡಿದ್ದು. ಹಿಮ್ಮಡಿಯಲ್ಲಿ ಗಾಜಿನ ಚೂರು ನೆಟ್ಟಿತ್ತು, ನೋವೇ ಇರಲಿಲ್ಲ. ಅಣ್ಣನಿಗೂ ಹೀಗೆಯೇ ನೋವಿರಲಿಲ್ಲ ಎಂಬುದು ಗೌಡರಿಗೆ ನೆನಪಾಯಿತು. ಪಟ್ಟಿ ಕಟ್ಟಿದ ಡಾಕ್ಟರು, ಈ ಗಾಯ ಮಾಯದಿದ್ದರೆ ಕಾಲು ಉಳಿಯುವುದು ಕಷ್ಟ ಎಂದರು. ಅಂದಿನಿಂದ ಗೌಡರು ಕಣ್ಣು ಮುಚ್ಚಿದರೆ ಸಾಕು, ಅಣ್ಣನ ಧೋತರ ಮೊಣಕಾಲಿನ ಕೆಳಗೆ ಖಾಲಿಯಾಗಿ ತೂಗಾಡುವುದು ಕಾಣುತ್ತಿತ್ತು. ಅನ್ನ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ.

ಆ ಹೆದರಿಕೆಯಲ್ಲೇ ಅವರು ಪೂಜ್ಯರ ಬಳಿಗೆ ಬಂದರು. ಪಟ್ಟಿ ಕಟ್ಟಿದ ಕಾಲು, ಅದೂ ಬರಿಗಾಲು.

“ವಂದಾಮಿ ಮಾತಾಜಿ. ಆಜೀವ ತ್ಯಾಗ ಕೊಡ್ರಿ. ಸಾಯೂತನಕ ಸಿಹಿ ಮುಟ್ಟಂಗಿಲ್ಲ. ಒಂದ ಹೊತ್ತು ಉಣ್ತೀನಿ, ಗುಳಿಗಿನೂ ಬಿಡ್ತೀನಿ. ನಿಮ್ಮಂಗ ಬರಿಗಾಲಾಗ ಕ್ಷೇತ್ರಕ್ಕ ನಡಕೊಂಡ ಹೋಗ್ತೀನ್ರಿ. ಕಾಲೊಂದು ಉಳೀಲಿ.”

ಮಾತಾಜಿಯವರು ಆ ಪಟ್ಟಿಯನ್ನು ನೋಡಿದರು. “ಹಿಂದ ಎಂದರ ಹಿಂಗ ವ್ರತ ತಗೊಂಡಿದ್ದೇನು?”

ಗೌಡರು ಹೌದೆಂದರು. ಅಣ್ಣ ತೀರಿಕೊಂಡ ವರ್ಷ ದೇವರ ಮುಂದೆ ಇದೇ ವ್ರತ ತೊಟ್ಟಿದ್ದರು. ಗಾಣ ಹೂಡಿದ ಮೊದಲ ವಾರವೇ ಬಿಸಿ ಬೆಲ್ಲ ಬಾಯಿಗೆ ಹೋಗಿತ್ತು. “ಹೆಂಗೂ ಮುರದೇತಿ, ಇನ್ನ ಏನ ತಿಂದರೇನು ಅಂತ ತಿಂದೆನ್ರಿ,” ಎಂದು ಒಪ್ಪಿಕೊಂಡರು. ಆ ಪಾಪವೇ ಈಗ ಹಿಮ್ಮಡಿ ಹಿಡಿದಿದೆಯೇನೋ ಎಂಬ ಭಯವೂ ಅವರಿಗಿತ್ತು.

“ನಿನ್ನ ಆಯುಷ್ಯ ಎಷ್ಟೈತಿ ನಿನಗ ಗೊತ್ತಿಲ್ಲ. ಗೊತ್ತಿಲ್ಲದ್ದನ್ನ ಯಾಕ ಕೊಡ್ತಿ? ನಾಳಿ ಮುಂಜಾನಿ ತನಕ ಕೊಡು, ಸಾಕು,” ಎಂದರು ಪೂಜ್ಯರು. “ಅಲ್ಲೀತನಕ ಸಿಹಿ ಬ್ಯಾಡ. ಡಾಕ್ಟರು ಹೇಳಿದಷ್ಟು, ಹೇಳಿದ ಹೊತ್ತಿಗೆ ಉಣ್ಣು. ಗುಳಿಗಿ ತಪ್ಪಸಬ್ಯಾಡ. ಬರಿಗಾಲು ನನ್ನ ವ್ರತ, ನಿಂದಲ್ಲ. ಗಾಯ ಮಾಯೂತನಕ ಗಾಡಿ ಮ್ಯಾಲ ಬಾ, ಮಾಯ್ದ ಮ್ಯಾಲ ಚಪ್ಪಲಿ ಮೆಟ್ಟಿ ನಡಕೊಂಡ ಬಾ. ದಿನಾ ಬಂದು ಮತ್ತ ಕೇಳು.”

ಇಷ್ಟು ದೊಡ್ಡ ಹೆದರಿಕೆಗೆ ಇಷ್ಟು ಸಣ್ಣ ವ್ರತವೇ ಎಂದು ಗೌಡರಿಗೆ ಒಳಗೊಳಗೇ ಬೇಸರವಾಯಿತು. ಆದರೂ ಮರುದಿನ ಬಂದರು. ಅದರ ಮರುದಿನವೂ ಬಂದರು. ಮನೆಯಲ್ಲಿ ಅಕ್ಕಾತಾಯಿ ದಿನವೂ ಅವರ ಎರಡೂ ಪಾದಗಳನ್ನು ತೊಳೆದು, ಒರೆಸಿ, ಬೆರಳ ಸಂದಿ ಬಿಡಿಸಿ ನೋಡುವಳು. ಅವಳು ನೋಡುವಾಗ ಗೌಡರು ಮುಖ ಆಚೆ ತಿರುಗಿಸಿ, ಉಸಿರು ಬಿಗಿಹಿಡಿದು ಕೂರುವರು. ಗಾಯ ಬಲು ನಿಧಾನವಾಗಿ ಕೂಡಿತು. ನಡೆಯಬಹುದೆಂದು ಡಾಕ್ಟರು ಹೇಳಿದ ಮೇಲೆ ಅವರು ಮೆತ್ತನೆಯ ಚಪ್ಪಲಿ ಮೆಟ್ಟಿ ನಡೆದೇ ಬಸದಿಗೆ ಬರತೊಡಗಿದರು.

ದೀಪಾವಳಿಯ ಹೊತ್ತಿಗೆ ಗಾಣ ಹೂಡಿದರು. ಕೊಪ್ಪರಿಗೆಯ ವಾಸನೆ ಊರು ತುಂಬಿದ ದಿನ ಗೌಡರ ಕೈ ಹಳೆಯ ರೂಢಿಯಂತೆ ಬಾಯಿಗೆ ಹೋಯಿತು. ನುಂಗಿದ ಮೇಲೆಯೇ ವ್ರತ ನೆನಪಾಯಿತು. ಮರುದಿನ ಬಸದಿಯ ಬಾಗಿಲಲ್ಲೇ ನಿಂತು, “ಮುರದೆನ್ರಿ,” ಎಂದರು. ಈ ಸಲ ಪೂಜ್ಯರು ಕೈಬಿಡುತ್ತಾರೆಂದೇ ಅವರು ನಂಬಿದ್ದರು.

“ನಿನ್ನಿಂದು ನಿನ್ನೆ ಮುಗೀತು. ಇವತ್ತಿಂದು ತಗೊ. ಹದ ನೋಡೂ ಕೆಲಸ ಬ್ಯಾರೇದವ್ರಿಗೆ ಕೊಡು.”

ಗೌಡರು ಅಂದು ಅತ್ತುಬಿಟ್ಟರು.

ಕೆಲವೇ ದಿನಗಳಲ್ಲಿ ಚಾತುರ್ಮಾಸ ಮುಗಿದು ಮಾತಾಜಿಯವರು ವಿಹಾರಕ್ಕೆ ಹೊರಟರು. ಊರ ಅಗಸಿ ಬಾಗಿಲಲ್ಲಿ ಗೌಡರು ಕೈಮುಗಿದು ಅಡ್ಡ ನಿಂತರು.

“ಮಾತಾಜಿ, ನಾಳೆ ಯಾರನ್ನ ಕೇಳ್ಲಿ?”

ಪೂಜ್ಯರು ಹೆಂಗಸರ ನಡುವೆ ನಿಂತಿದ್ದ ಅಕ್ಕಾತಾಯಿಯ ಕಡೆ ಪಿಂಛಿ ತೋರಿದರು. “ನಿನ್ನ ರಕ್ತ ನಿನಗಿಂತ ಮೊದಲ ಕಂಡಾಕಿ ಅಕಿ. ಅಕಿನ್ನ ಕೇಳು.”

ಹೆಂಡತಿಯ ಮುಂದೆ ಕೈಮುಗಿದು ನಿಲ್ಲುವುದೆಂದರೆ ಗೌಡಕಿಯ ಮನುಷ್ಯನಿಗೆ ಸಣ್ಣ ಮಾತಲ್ಲ. ಮರುದಿನ ಮುಂಜಾನೆ ಅಡುಗೆಮನೆಯ ಹೊಸ್ತಿಲಲ್ಲಿ ಅವರು ಕೈಮುಗಿದು, “ಇವತ್ತಿಂದು ಕೊಡು,” ಎಂದರು. ಅಕ್ಕಾತಾಯಿ ನಗಲಿಲ್ಲ. ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, “ನಾಳಿ ಮುಂಜಾನಿ ತನಕ,” ಎಂದಳು.

ಬಹಳ ವರ್ಷಗಳ ಮೇಲೆ ಮಾತಾಜಿಯವರು ವಿಹಾರದಲ್ಲಿ ಆ ಊರಿನ ಮೇಲೆ ಹಾದುಬಂದರು. ಎದುರುಗೊಳ್ಳಲು ಬಂದ ಮುದುಕ ಸಾತಗೌಡರ ಮುಖವನ್ನು ಅವರು ಮೊದಲು ನೋಡಲಿಲ್ಲ, ಕಾಲು ನೋಡಿದರು. ಚಪ್ಪಲಿ ಮೆಟ್ಟಿದ ಎರಡೂ ಪಾದ ಧೂಳಿನಲ್ಲಿ ಗಟ್ಟಿಯಾಗಿ ಊರಿದ್ದವು.

“ಇವತ್ತಿಂದು ತಗೊಂಡಿ?”

“ತಗೊಂಡೇನ್ರಿ. ಅಕ್ಕಾತಾಯಿ ಕೊಟ್ಟಾಳ.”

“ಹೆದರಿಕಿ ಹೋತೇನು?”

ಸಾತಗೌಡರು ಸುಳ್ಳು ಹೇಳಲಿಲ್ಲ. “ಇಲ್ರಿ ಮಾತಾಜಿ. ಆದರ ಈಗ ಅದೂ ಒಂದ ದಿನದ್ದಷ್ಟ ಐತ್ರಿ.”

ಪೂಜ್ಯರು ಪಿಂಛಿಯೆತ್ತಿ ಹರಸಿ ಮುಂದೆ ನಡೆದರು. ಅವರ ಹಿಂದೆ ಸಾತಗೌಡರು ಮುಂದಿನ ಊರಿನ ತನಕ ನಡೆದುಕೊಂಡೇ ಹೋದರು.