ಹೊಗೆ ನಿಂತ ಲಾರಿ

ಕರಾವಳಿಯ ಒಂದು ಊರಿನಲ್ಲಿ ಗಣಪಯ್ಯ ಶೇರೆಗಾರ ಎಂಬ ಹಂಚಿನ ವ್ಯಾಪಾರಿ ಇದ್ದ. ಅವನಿಗೆ ಇದ್ದದ್ದು ಒಂದೇ ಲಾರಿ. ಅದನ್ನು ಇಪ್ಪತ್ತು ವರ್ಷದಿಂದ ಓಡಿಸುತ್ತಿದ್ದವನು ಇದಿನಬ್ಬ. ಊರಿಗೆಲ್ಲ ಅವನು ಕಾಕ. ಹಂಚು ಹೇರಿಕೊಂಡು ಘಾಟಿ ಹತ್ತುವುದು ಅವನ ಕೆಲಸ.

ಎಷ್ಟು ಹೇರಬೇಕೆಂದು ತಿಳಿಯಲು ಗಣಪಯ್ಯನಿಗೆ ತೂಕದ ಚೀಟಿ ಬೇಕಿರಲಿಲ್ಲ. ಘಾಟಿಯ ಮೊದಲ ತಿರುವಿನಲ್ಲಿ ಹೊಗೆ ಕಪ್ಪಗೆ ಬಂತೋ, ಭಾರ ಹೆಚ್ಚಾಯಿತೆಂದು ಅರ್ಥ. ಮುಂದಿನ ಸಲ ಎರಡು ಸಾಲು ಹಂಚು ಕಡಿಮೆ. ಹೊಗೆ ತೆಳ್ಳಗಿದ್ದರೆ ಎರಡು ಸಾಲು ಜಾಸ್ತಿ. ವ್ಯಾಪಾರದಲ್ಲಿ ಇಂಥ ಕಣ್ಣಳತೆ ಬೇಕು, ನಾನು ತಪ್ಪೆನ್ನುವುದಿಲ್ಲ.

ಒಂದು ವರ್ಷ ಮೆಕ್ಯಾನಿಕ್ ವಲೇರಿಯನ್ ಆ ಲಾರಿಗೆ ಹೈಡ್ರೋಜನ್ ಸಿಲಿಂಡರ್ ಜೋಡಿಸಿದ. ಗಾಳಿಯ ಜೊತೆ ಸ್ವಲ್ಪ ಗ್ಯಾಸು ಒಳಗೆ ಹೋದರೆ ಡೀಸೆಲ್ ಚೆನ್ನಾಗಿ ಉರಿಯುತ್ತದೆ, ಎಳೆತ ಹೆಚ್ಚುತ್ತದೆ ಎಂದು ವಿವರಿಸಿದ. ಕೊನೆಗೆ ಒಂದು ಮಾತು ಸೇರಿಸಿದ.

"ಇದು ಹೊಗೆ ಇಳಿಸುತ್ತದೆ, ಭಾರ ಇಳಿಸುವುದಿಲ್ಲ. ಏರಿನಲ್ಲಿ ಇಂಜಿನ್ ಟಕಟಕ ಎಂದರೆ ಗ್ಯಾಸು ಮುಚ್ಚಿ, ಹಂಚು ಇಳಿಸಿ."

ಲಾರಿ ನಿಜವಾಗಿಯೂ ಚುರುಕಾಯಿತು. ಡೀಸೆಲ್ ಉಳಿಯಿತು. ಹೊಗೆಯಂತೂ ಕಣ್ಣಿಗೇ ಕಾಣದಾಯಿತು. ಗಣಪಯ್ಯ ತನ್ನ ಹಳೆಯ ರೂಢಿಯಂತೆ ಎರಡು ಸಾಲು ಹೆಚ್ಚು ಹೇರಿಸಿದ. ಆಗಲೂ ಹೊಗೆ ಇಲ್ಲ. ಮತ್ತೆ ಎರಡು ಸಾಲು ಏರಿತು.

ಟಕಟಕ ಶುರುವಾಗಿದೆ ಎಂದು ಇದಿನಬ್ಬ ಬಂದು ಹೇಳಿದ. ಗ್ಯಾಸು ಮುಚ್ಚಿದರೆ ಇಷ್ಟು ಭಾರ ಎಳೆಯುವುದಿಲ್ಲ, ಹಂಚು ಕಡಿಮೆ ಮಾಡೋಣ ಎಂದ. ಎರಡನೆಯ ಸಲವೂ ಅದನ್ನೇ ಹೇಳಿದಾಗ, ಹಂಚು ಹೇರುವವರೆಲ್ಲ ಕೇಳುವಂತೆ ಗಣಪಯ್ಯ ನಕ್ಕ.

"ಹೊಗೆ ಎಲ್ಲಿದೆ, ತೋರಿಸು ಕಾಕ. ಟಕಟಕ ಇರುವುದು ಇಂಜಿನ್ನಿನಲ್ಲೋ, ನಿನ್ನ ಕಿವಿಯಲ್ಲೋ?"

ಆಳುಗಳೂ ನಕ್ಕರು. ಇದಿನಬ್ಬ ಲಾರಿಯ ಕಡೆ ನಡೆದ; ಮೂರನೆಯ ಸಲ ಹೇಳಲು ಬರಲಿಲ್ಲ. ಎರಡು ಸಾಲು ಮತ್ತೆ ಏರಿತು.

ಆ ವಾರವೇ ಘಾಟಿಯ ಅರ್ಧದಲ್ಲಿ ಪಿಸ್ಟನ್ ಸುಟ್ಟು ತೂತಾಯಿತು. ಇಂಜಿನ್ ನಿಂತಿತು. ಅಷ್ಟು ಭಾರಕ್ಕೆ ಬ್ರೇಕ್ ಹಿಡಿಯಲಿಲ್ಲ. ಲಾರಿ ಹಿಂದಕ್ಕೆ ಜಾರತೊಡಗಿತು. ಹಿಂದೆ ಒಂದು ಬಸ್ಸು ಬರುತ್ತಿತ್ತು. ಇದಿನಬ್ಬ ಸ್ಟೀರಿಂಗ್ ತಿರುಗಿಸಿ ಲಾರಿಯನ್ನು ಗುಡ್ಡಕ್ಕೆ ಗುದ್ದಿಸಿ ನಿಲ್ಲಿಸಿದ. ಬಸ್ಸಿನವರೆಲ್ಲ ಉಳಿದರು. ಅವನ ಬಲಗಾಲು ಉಳಿಯಲಿಲ್ಲ.

ಗಣಪಯ್ಯ ಆಸ್ಪತ್ರೆಗೆ ಹೋಗಿ ಇದಿನಬ್ಬನ ಮಂಚದ ಪಕ್ಕ ನಿಂತ. ಇನ್ನೊಂದು ಸಲ ಹೇಳಬಾರದಿತ್ತೇ ಎಂದು ಕೇಳಿದ.

ಇದಿನಬ್ಬ ಕೋಪಿಸಿಕೊಳ್ಳಲಿಲ್ಲ.

"ಹೇಳಬಹುದಿತ್ತು ಧನಿ. ಹೇಳಿದ್ದರೆ ನನ್ನನ್ನು ಕೆಲಸದಿಂದ ಬಿಡಿಸುತ್ತಿದ್ದಿರಿ, ಈ ಮಂಚದಲ್ಲಿ ಬೇರೆ ಡ್ರೈವರ್ ಇರುತ್ತಿದ್ದ."

ನೀತಿ: ದೂರು ನಿಂತಿತೆಂದರೆ ನೋವು ನಿಂತಿತೆಂದಲ್ಲ. ಬಲ ಹೆಚ್ಚಿಸುವ ಹೊಸ ವಸ್ತು ಹಳೆಯ ಅಳತೆಯನ್ನು ಸುಳ್ಳು ಮಾಡುತ್ತದೆ. ಹೊಸ ಅಳತೆ ಗೊತ್ತಿರುವುದು ಕೆಲಸ ಮಾಡುವವನಿಗೆ. ಅವನನ್ನು ನಕ್ಕು ಸುಮ್ಮನಾಗಿಸಿದ ಯಜಮಾನನಿಗೆ ಅದು ತಿಳಿಯುವುದು ನಷ್ಟವಾದ ಮೇಲೆಯೇ, ಆ ನಷ್ಟವೂ ಹೆಚ್ಚಾಗಿ ಬೇರೆಯವರದು.